ಶೇಕಡಾ 5ರ ರಿಯಾಯಿತಿಗೆ ತೆರುವ ಬೆಲೆ

ವಾರ್ಷಿಕ ದರ ಒಪ್ಪಂದದ ನವೀಕರಣದ ಕಾಲ ಬಂತೆಂದರೆ ದೊಡ್ಡ ಕಾರ್ಖಾನೆಗಳ ಖರೀದಿ ವಿಭಾಗದಿಂದ ಸಣ್ಣ ಉದ್ದಿಮೆದಾರರಿಗೆ ಬರುವ ಮೊದಲ ಮಾತು ಸಾಮಾನ್ಯವಾಗಿ ಒಂದೇ: ದರದಲ್ಲಿ ಶೇಕಡಾ 5 ಇಳಿಸಿಕೊಡಿ. ಸಂಖ್ಯೆ ಚಿಕ್ಕದಾಗಿ ತೋರುವುದರಿಂದಲೂ ಹಳೆಯ ಗಿರಾಕಿ ಕೈತಪ್ಪುವ ಅಳುಕಿನಿಂದಲೂ ಅನೇಕರು ಅಲ್ಲಿಯೇ ಒಪ್ಪಿ ಬರುತ್ತಾರೆ. ಲೆಕ್ಕ ನೋಡುವುದು ಆಮೇಲೆ.

ಪೀಣ್ಯದ ಸಿಎನ್‌ಸಿ ಲೇತ್ ಘಟಕವೊಂದು 100 ರೂಪಾಯಿಗೆ ಮಾರುವ ಬಿಡಿಭಾಗವನ್ನು ಉದಾಹರಣೆಯಾಗಿ ಭಾವಿಸೋಣ. ಕಚ್ಚಾ ಮಾಲಿಗೆ 55 ರೂಪಾಯಿ, ಯಂತ್ರಗೆಲಸಕ್ಕೆ 30, ಪ್ಯಾಕಿಂಗ್, ಸಾಗಣೆ ಮತ್ತಿತರ ವೆಚ್ಚಕ್ಕೆ 7. ಉಳಿಯುವ ಲಾಭ 8. ಶೇಕಡಾ 5 ಬಿಟ್ಟುಕೊಟ್ಟರೆ ಲಾಭ 3 ರೂಪಾಯಿಗಿಳಿಯುತ್ತದೆ. ತಯಾರಿಕಾ ವೆಚ್ಚ ತಗ್ಗದಿದ್ದರೆ, ಮೊದಲಿನಷ್ಟೇ ಲಾಭ ಕಾಣಲು ಎರಡೂವರೆ ಪಟ್ಟಿಗಿಂತ ಹೆಚ್ಚು ಮಾಲು ಮಾರಬೇಕು. "ಆರ್ಡರ್ ಹೆಚ್ಚಿಸುತ್ತೇವೆ" ಎಂಬ ಆಶ್ವಾಸನೆಯನ್ನು ಈ ಅಳತೆಗೋಲಿನಿಂದಲೇ ನೋಡಬೇಕು.

ಹಾಗೆಂದು ಬಿಗಿಯಾಗಿ ಕುಳಿತರೆ ವ್ಯಾಪಾರ ನಡೆಯದು. ದರವನ್ನು ಮುಟ್ಟುವ ಮುನ್ನ ವೆಚ್ಚ ಇಳಿಯುವ ದಾರಿಯನ್ನು ಖರೀದಿದಾರರಿಂದಲೇ ಕೇಳಿ ಪಡೆಯುವುದು ಜಾಣತನ. ಮೇಲಿನ ಬಿಡಿಭಾಗಕ್ಕೆ ಪ್ರತಿ ಬಾರಿ ಯಂತ್ರದ ಸೆಟ್ಟಿಂಗ್‌ಗೆ 2 ಗಂಟೆ ಬೇಕು, ಗಂಟೆಯ ದರ 400 ರೂಪಾಯಿ ಎಂದಿಟ್ಟುಕೊಂಡರೆ, 100ರ ಲಾಟ್‌ನಲ್ಲಿ ಬಿಡಿಯೊಂದಕ್ಕೆ 8 ರೂಪಾಯಿ ಬೀಳುತ್ತದೆ. 400ರ ಲಾಟ್‌ನಲ್ಲಿ ಕೇವಲ 2 ರೂಪಾಯಿ. ಆರ್ಡರನ್ನು ಒಟ್ಟುಗೂಡಿಸಿ ಕೊಡಲು ಖರೀದಿದಾರರು ಒಪ್ಪಿದರೆ 3 ರೂಪಾಯಿ ಇಳಿಸಿದರೂ ಲಾಭ 11ಕ್ಕೆ ಏರುತ್ತದೆ. ಆದರೆ ಸಿದ್ಧ ಮಾಲು ಯಾರ ಗೋದಾಮಿನಲ್ಲಿ ಇರತಕ್ಕದ್ದು ಎಂಬುದನ್ನು ಮೊದಲೇ ಇತ್ಯರ್ಥಗೊಳಿಸಬೇಕು. ಸರಬರಾಜುದಾರರ ಬಳಿಯೇ ಕುಳಿತರೆ ಬಡ್ಡಿಯ ಹೊರೆಯೂ ಅವರದೇ.

ಉಕ್ಕಿನ ಬೆಲೆ ಇಳಿದಿದೆ ಎಂಬ ವಾದ ನ್ಯಾಯವಾದದ್ದೇ ಇರಬಹುದು. ಅದಕ್ಕೆಂದೇ ಕಚ್ಚಾ ಮಾಲಿನ ಬೆಲೆಯನ್ನೂ ಯಂತ್ರಗೆಲಸದ ದರವನ್ನೂ ಬೇರ್ಪಡಿಸಿ, ಮೊದಲನೆಯದು ಮಾರುಕಟ್ಟೆಯೊಡನೆ ಏರುವಂತೆಯೂ ಇಳಿಯುವಂತೆಯೂ ಷರತ್ತು ಬರೆಸಿಕೊಳ್ಳುವುದು ಮೇಲು. ಇಳಿಕೆಗೆ ಮಾತ್ರ ನೆನಪಾಗುವ ಷರತ್ತು ಷರತ್ತಲ್ಲ.

ದರ ಬಿಡದ ಖರೀದಿದಾರರು ಕೆಲವೊಮ್ಮೆ ಸಾಲದ ಅವಧಿಯನ್ನು ಕೇಳುತ್ತಾರೆ. 30 ದಿನವನ್ನು 90 ದಿನಕ್ಕೆ ಹಿಗ್ಗಿಸುವುದೆಂದರೆ, ವಾರ್ಷಿಕ ಶೇಕಡಾ 12ರ ಬಡ್ಡಿಯಲ್ಲಿ 100 ರೂಪಾಯಿಗೆ ಸುಮಾರು 2 ರೂಪಾಯಿ ಬಿಟ್ಟಂತೆಯೇ. ಇಲ್ಲಿ ಕಾನೂನಿನ ಆಸರೆಯುಂಟು. 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ದಿಮೆಗಳ ಅಭಿವೃದ್ಧಿ ಕಾಯಿದೆಯನ್ವಯ, ಸೂಕ್ಷ್ಮ ಮತ್ತು ಸಣ್ಣ ಉದ್ದಿಮೆಗಳಿಗೆ ಹಣ ಸಂದಾಯದ ಅವಧಿ ಲಿಖಿತ ಒಪ್ಪಂದವಿದ್ದರೂ 45 ದಿನ ಮೀರುವಂತಿಲ್ಲ. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳ ಚಕ್ರಬಡ್ಡಿ. ಮಧ್ಯಮ ಉದ್ದಿಮೆಗಳಿಗೆ ಈ ರಕ್ಷಣೆಯಿಲ್ಲ. ವರ್ತಕರಿಗೆ 2021ರ ಜುಲೈಯಲ್ಲಿ ಉದ್ಯಮ್ ನೋಂದಣಿಗೆ ಅವಕಾಶ ದೊರೆತರೂ ಅದರ ಪ್ರಯೋಜನವನ್ನು ಆದ್ಯತಾ ವಲಯದ ಸಾಲಕ್ಕೆ ಸೀಮಿತಗೊಳಿಸಲಾಯಿತು. ಹೀಗಾಗಿ ಅವರು ಒಪ್ಪಂದದಲ್ಲಿಯೇ ಬಡ್ಡಿಯ ಷರತ್ತನ್ನು ಸೇರಿಸಿಕೊಳ್ಳಬೇಕಾಗುತ್ತದೆ.

ಕಾಯಿದೆಯನ್ನು ಮೇಜಿನ ಮೇಲೆ ಗುದ್ದಿ ಹೇಳುವ ಅಗತ್ಯವಿಲ್ಲ. ನೋಂದಣಿ ಸಂಖ್ಯೆಯನ್ನು ದರಪಟ್ಟಿಯಲ್ಲಿಯೂ ಬಿಲ್ಲಿನಲ್ಲಿಯೂ ಮುದ್ರಿಸಿದರೆ ಲೆಕ್ಕಪತ್ರ ವಿಭಾಗದವರಿಗೆ ಅರ್ಥವಾಗುತ್ತದೆ. ಮಾತುಕತೆ ಮುಗಿದ ದಿನವೇ ದರ, ಲಾಟ್, ಕಚ್ಚಾ ಮಾಲಿನ ಮೂಲಬೆಲೆ, ಹಣ ಸಂದಾಯದ ದಿನ ಈ ನಾಲ್ಕನ್ನೂ ಬರೆದು ಕಳುಹಿಸಿ, ಖರೀದಿ ಆದೇಶದಲ್ಲಿ ಬರುವಂತೆ ನೋಡಿಕೊಳ್ಳಬೇಕು. ಮುಂದಿನ ವರ್ಷ ಆ ಕುರ್ಚಿಯಲ್ಲಿ ಬೇರೆ ಅಧಿಕಾರಿ ಇರಬಹುದು.