ಹತ್ತು ತಿಂಗಳು ಮೂಲೆಯಲ್ಲಿ ಕೂರುವ ಯಂತ್ರ

ಬ್ರಹ್ಮಗಿರಿಯ ಸುತ್ತಮುತ್ತಲಿನ ಊರುಗಳನ್ನು ಮುಂದಿಟ್ಟುಕೊಂಡು ಹುಲ್ಲು ಕತ್ತರಿಸುವ ಯಂತ್ರದ ಬಗ್ಗೆ ಬರೆಯುತ್ತೇನೆ ಎಂದರೆ ಓದುಗ ಸಹೋದರಿಯರು ನಕ್ಕಾರು. ಚಳ್ಳಕೆರೆ, ಮೊಳಕಾಲ್ಮೂರು ಎಂದರೆ ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ತಾಲೂಕುಗಳ ಸಾಲಿಗೆ ಸೇರಿದವು. ಬೇಸಿಗೆಯಲ್ಲಿ ಕುಡಿಯುವ ನೀರಿಗೇ ತತ್ವಾರವಿರುವಾಗ ಅಂಗಳದಲ್ಲಿ ಹುಲ್ಲುಹಾಸು ಬೆಳೆಸಿ, ಅದನ್ನು ಕತ್ತರಿಸಲು ಯಂತ್ರ ತರುವವರು ಯಾರು?

ಹುಲ್ಲುಹಾಸು ಇಲ್ಲ ನಿಜ. ಆದರೆ ಯಂತ್ರ ಬಂದಿದೆ. ಇಂಗ್ಲೆಂಡಿನ ಎಡ್ವಿನ್ ಬಡ್ಡಿಂಗ್ 1830ರಲ್ಲಿ ಕಂಡುಹಿಡಿದ, ನೆಲದ ಮೇಲೆ ತಳ್ಳುತ್ತಾ ಹೋಗುವ ಯಂತ್ರ ಅಲ್ಲ. ಹೆಗಲಿಗೆ ಪಟ್ಟಿ ಹಾಕಿಕೊಂಡು ಎರಡೂ ಕೈಯಲ್ಲಿ ಹಿಡಿದು ಬೀಸುವ, ಪೆಟ್ರೋಲ್‌ನಿಂದ ಓಡುವ ಬ್ರಶ್ ಕಟರ್. ದಾಳಿಂಬೆ ತೋಟದ ಕಳೆಗೆ, ಶೇಂಗಾ ಹೊಲದ ಬದುವಿಗೆ, ದನಕರುಗಳ ಮೇವಿಗೆ ಅದು ಬೇಕು. ಈದ್‌ಗೆ ಮುಂಚೆ ಈದ್ಗಾಹ್‌ನ ಮೈದಾನ ಚೊಕ್ಕ ಮಾಡಲು, ಶಬೆ ಬರಾಅತ್ ಹತ್ತಿರ ಬಂದಾಗ ಕಬರಸ್ತಾನದ ದಾರಿ ಬಿಡಿಸಲು ಜಮಾಅತ್‌ನವರಿಗೂ ಬೇಕು. (ಕಬರಿನ ಮೇಲಿನ ಹಸಿ ಹುಲ್ಲನ್ನು ಕೀಳಬಾರದು, ಒಣಗಿದ್ದನ್ನು ತೆಗೆಯಬಹುದು ಎಂದು ಹನಫೀ ಫಿಕ್ಹ್ ಗ್ರಂಥಗಳಲ್ಲಿದೆ. ಯಂತ್ರ ಕೈಗೆ ಸಿಕ್ಕ ಹುಮ್ಮಸ್ಸಿನಲ್ಲಿ ಎಲ್ಲವನ್ನೂ ಬೋಳಿಸುವ ಯುವಕರಿಗೆ ಇದನ್ನು ಯಾರಾದರೂ ಹೇಳಬೇಕು.)

ಮಳೆ ಕಡಿಮೆಯಾದ್ದರಿಂದ ಇಲ್ಲಿ ಹುಲ್ಲು ಬೆಳೆಯುವುದೂ ಕೆಲವೇ ವಾರ. ಸೆಪ್ಟೆಂಬರ್, ಅಕ್ಟೋಬರ್ ದಾಟಿದರೆ ಮುಗಿಯಿತು. ಅಂದರೆ ಯಂತ್ರ ದುಡಿಯುವುದು ಒಂದೋ ಎರಡೋ ತಿಂಗಳು. ಉಳಿದ ಹತ್ತು ತಿಂಗಳು ಅದು ಎಲ್ಲಿರುತ್ತದೆ? ಮನೆಯಲ್ಲಿ. ಅಡುಗೆಮನೆಯ ಪಕ್ಕದ ಉಗ್ರಾಣದಲ್ಲಿ, ಮೆಟ್ಟಿಲ ಕೆಳಗೆ, ಕೆಲವೊಮ್ಮೆ ಮಂಚದಡಿಯಲ್ಲಿ. ಹೊಲದಲ್ಲಿ ಅದನ್ನು ನಡೆಸುವವರು ಗಂಡಸರೇ ಇರಬಹುದು, ಮನೆಯಲ್ಲಿ ಅದರ ಜೊತೆ ಬಾಳುವವರು ಹೆಂಗಸರು ಮತ್ತು ಮಕ್ಕಳು. ಹಾಗಾಗಿಯೇ ಈ ವಿಷಯ ನಮ್ಮ ಪತ್ರಿಕೆಯ ಪುಟಕ್ಕೆ ಸೇರಿದ್ದು.

ಮೊದಲು ಆ ಕ್ಯಾನಿನ ಕಡೆ ನೋಡಿ. ಚಳ್ಳಕೆರೆಗೆ ಎಣ್ಣೆ ನಗರಿ ಎಂದು ಹೆಸರು. ಶೇಂಗಾ ಎಣ್ಣೆ ಮಿಲ್ಲುಗಳ ಊರು. ಹಾಗಾಗಿ ಖಾಲಿಯಾದ ಎಣ್ಣೆ ಕ್ಯಾನುಗಳಿಗೆ ನಮ್ಮ ಮನೆಗಳಲ್ಲಿ ಬರವಿಲ್ಲ. ಐದು ಲೀಟರಿನ ಪ್ಲಾಸ್ಟಿಕ್ ಕ್ಯಾನು ತೊಳೆದು, ಬಂಕಿಗೆ ಹೋಗಿ ಪೆಟ್ರೋಲ್ ತುಂಬಿಸಿ, ಯಂತ್ರದ ಪಕ್ಕದಲ್ಲೇ ಇಡುವುದು ಸಾಮಾನ್ಯ. ಅದರ ಒಂದು ಮಾರು ಆಚೆ ಅಡುಗೆ ಎಣ್ಣೆಯ ಅದೇ ಬಣ್ಣದ, ಅದೇ ಚೀಟಿಯ ಇನ್ನೊಂದು ಕ್ಯಾನು. ಎರಡು ಸ್ಟ್ರೋಕ್ ಯಂತ್ರವಾದರೆ ಪೆಟ್ರೋಲ್‌ಗೆ ಆಯಿಲ್ ಬೆರೆಸಿರುತ್ತಾರೆ, ಆಗ ಅದರ ಬಣ್ಣವೂ ಬದಲಾಗಿರುತ್ತದೆ. ಕರೆಂಟ್ ಹೋದ ಮುಸ್ಸಂಜೆ, ಅವಸರದಲ್ಲಿರುವ ಕೈಗೆ ಯಾವ ಕ್ಯಾನು ಸಿಗುತ್ತದೆ ಎಂದು ಯಾರು ಹೇಳಬಲ್ಲರು? ತಂಪು ಪಾನೀಯದ ಬಾಟಲಿಯಲ್ಲಿ ತುಂಬಿಡುವುದಂತೂ ಇನ್ನೂ ಕೆಟ್ಟದ್ದು. ಎರಡು ವರ್ಷದ ಮಗುವಿಗೆ ಬಾಟಲಿ ಎಂದರೆ ಕುಡಿಯುವ ವಸ್ತು.

ಪೆಟ್ರೋಲನ್ನು ಯಾವ ಪಾತ್ರೆಯಲ್ಲಿ ಇಡಬೇಕೆಂದು 1934ರ ಪೆಟ್ರೋಲಿಯಂ ಕಾಯ್ದೆಯೇ ಹೇಳಿದೆ. ಮಾರಾಟಕ್ಕಲ್ಲದೆ ಸ್ವಂತಕ್ಕೆ 30 ಲೀಟರಿನವರೆಗೆ ಪರವಾನಗಿ ಇಲ್ಲದೆ ಇಟ್ಟುಕೊಳ್ಳಬಹುದು. ಆದರೆ ಅದು ಬಿಗಿಯಾದ ಮುಚ್ಚಳವಿರುವ ಲೋಹದ ಡಬ್ಬಿಯಲ್ಲಿರಬೇಕು. ಗಾಜು ಅಥವಾ ಪಿಂಗಾಣಿಯ ಪಾತ್ರೆಯಾದರೆ ಒಂದು ಲೀಟರಿಗಿಂತ ದೊಡ್ಡದಿರಬಾರದು. ಎಣ್ಣೆ ಕ್ಯಾನಿನ ಮಾತೇ ಅದರಲ್ಲಿಲ್ಲ. ಗಾಜು ಕೈಜಾರಿ ಒಡೆಯುವಂಥದ್ದು, ಹಾಗಾಗಿ ಮನೆಗೆ ಲೋಹದ ಡಬ್ಬಿಯೇ ಲೇಸು. ಒಂದೋ ಎರಡೋ ಲೀಟರ್ ಹಿಡಿಯುವ ಡಬ್ಬಿ ಸಾಕು. ಅದಕ್ಕೆ ಕೆಂಪು ಬಣ್ಣ ಬಳಿದು, ಕನ್ನಡದಲ್ಲೂ ಉರ್ದುವಿನಲ್ಲೂ ಪೆಟ್ರೋಲ್ ಎಂದು ದೊಡ್ಡದಾಗಿ ಬರೆಯಿಸಿ. ಓದಲು ಬಾರದ ಅಜ್ಜಿಗೂ ಬಣ್ಣ ಗುರುತು ಸಿಗುತ್ತದೆ.

ಇನ್ನು ಅದನ್ನು ಇಡುವ ಜಾಗ. ಪೆಟ್ರೋಲ್ ಸೀಮೆಎಣ್ಣೆಯಂತಲ್ಲ. ಸೊನ್ನೆಗಿಂತ 40 ಡಿಗ್ರಿ ಕೆಳಗಿನ ಚಳಿಯಲ್ಲೂ ಅದು ಹೊತ್ತಿಕೊಳ್ಳುವಷ್ಟು ಆವಿಯನ್ನು ಬಿಡುತ್ತದೆ. ನಮ್ಮ ಏಪ್ರಿಲ್ ಬಿಸಿಲಲ್ಲಿ ಕೇಳಬೇಕೆ? ಆ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ. ಅದು ಮೇಲೇರಿ ಕಿಟಕಿಯಿಂದ ಹೋಗುವುದಿಲ್ಲ, ನೆಲಕ್ಕೆ ಅಂಟಿಕೊಂಡು ನೀರಿನಂತೆ ಹರಿಯುತ್ತದೆ. ಬಾಗಿಲ ಸಂದಿನಿಂದ ನುಸುಳಿ ಪಕ್ಕದ ಕೋಣೆಗೆ ಹೋಗುತ್ತದೆ. ಅಲ್ಲಿ ಗ್ಯಾಸ್ ಒಲೆ ಉರಿಯುತ್ತಿರಬಹುದು, ಗುರುವಾರ ಸಂಜೆಯ ಲೋಬಾನದ ಕೆಂಡವಿರಬಹುದು, ಇನ್ವರ್ಟರ್ ಕಿಡಿ ಹಾರಿಸಬಹುದು. ಬೆಂಕಿ ಸಿಕ್ಕಿದರೆ ಆವಿ ಬಂದ ದಾರಿಯಲ್ಲೇ ಜ್ವಾಲೆ ಹಿಂದಿರುಗಿ ಕ್ಯಾನಿನವರೆಗೂ ಓಡುತ್ತದೆ.

ರಾತ್ರಿ ಮಲಗುವಾಗ ದೀಪವನ್ನು ಆರಿಸಿ ಮಲಗಬೇಕೆಂದು ಪ್ರವಾದಿ ಮುಹಮ್ಮದ್(ಸ) ತಾಕೀತು ಮಾಡಿದ್ದರು. ಇಲಿಯೊಂದು ದೀಪದ ಬತ್ತಿಯನ್ನು ಎಳೆದೊಯ್ದು ಮನೆಮಂದಿಯ ಸಮೇತ ಮನೆಯನ್ನೇ ಸುಟ್ಟುಬಿಟ್ಟೀತು ಎಂಬುದು ಅವರು ಕೊಟ್ಟ ಕಾರಣ. ಬುಖಾರಿಯಲ್ಲಿ ಈ ಹದೀಸ್ ಇದೆ. ಕಣ್ಣಿಗೆ ಬೀಳದ ಸಣ್ಣದೊಂದು ಜೀವ ಬೆಂಕಿಯನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಒಯ್ಯುತ್ತದೆ ಎಂಬ ಆ ಎಚ್ಚರಿಕೆ ಓದಿದಾಗಲೆಲ್ಲ ನನಗೆ ಪೆಟ್ರೋಲಿನ ಈ ಆವಿಯೇ ನೆನಪಾಗುತ್ತದೆ. ಇಲಿಗಾದರೂ ಸದ್ದಿದೆ.

ಆದ್ದರಿಂದ ಪೆಟ್ರೋಲ್ ಡಬ್ಬಿ, ಯಂತ್ರ ಎರಡೂ ಮನೆಯೊಳಗೆ ಬೇಡ. ಹಿತ್ತಲಿನಲ್ಲಿ ಗಾಳಿಯಾಡುವ, ಬಿಸಿಲು ಬೀಳದ, ಬೀಗ ಹಾಕಬಹುದಾದ ಚಿಕ್ಕ ಗೂಡು ಸಾಕು. ಬಚ್ಚಲ ಒಲೆಯಿಂದ ಅದು ದೂರವಿರಲಿ. ಒಣಮೇವಿನ ಬಣವೆಯಿಂದಲೂ ದೂರವಿರಲಿ. ಜಾಗವೇ ಇಲ್ಲದ ಪೇಟೆಯ ಮನೆಯವರು ಏನು ಮಾಡಬೇಕು? ಪೆಟ್ರೋಲ್ ಕೂಡಿಡಲೇಬಾರದು. ಬೇಕಾದ ದಿನ ಬೇಕಾದಷ್ಟೇ ತರುವುದು, ಖಾಲಿ ಮಾಡುವುದು. ಜಮಾಅತ್‌ನ ಯಂತ್ರವನ್ನು ಯಾರದೋ ಮನೆಯಲ್ಲಿ ಇಡಿಸುವ ಬದಲು ಕಬರಸ್ತಾನದ ಬಳಿಯೇ ಗಟ್ಟಿಯಾದ ಪೆಟ್ಟಿಗೆಯೊಂದನ್ನು ಮಾಡಿಸುವುದು ಒಳ್ಳೆಯದು.

ಯಂತ್ರವನ್ನು ಮೂಲೆಗಿಡುವ ಮುನ್ನ ಅದರ ಟ್ಯಾಂಕ್ ಖಾಲಿ ಮಾಡಬೇಕು. ಆಮೇಲೆ ಬಯಲಿನಲ್ಲಿ ಇಂಜಿನ್ ಚಾಲೂ ಮಾಡಿ, ಉಳಿದ ಹನಿಯೂ ಉರಿದು ತಾನಾಗಿ ನಿಲ್ಲುವ ತನಕ ಬಿಡಬೇಕು. ಇದು ಬರೀ ಬೆಂಕಿಯ ಭಯಕ್ಕಲ್ಲ. 2025ರ ಹೊತ್ತಿಗೆ ದೇಶದ ಬಂಕುಗಳಲ್ಲಿ ಶೇ. 20ರಷ್ಟು ಎಥನಾಲ್ ಬೆರೆತ ಪೆಟ್ರೋಲ್ ಸಾಮಾನ್ಯವಾಗಿದೆ. ಎಥನಾಲ್ ಗಾಳಿಯ ತೇವವನ್ನು ಹೀರುತ್ತದೆ. ತಿಂಗಳುಗಟ್ಟಲೆ ನಿಂತರೆ ಪೆಟ್ರೋಲ್ ಕೆಟ್ಟು ಕಾರ್ಬುರೇಟರಿನಲ್ಲಿ ಅಂಟು ಕಟ್ಟುತ್ತದೆ. ಮುಂದಿನ ಮಳೆಗಾಲದಲ್ಲಿ ಎಷ್ಟು ಸಲ ಹಗ್ಗ ಎಳೆದರೂ ಯಂತ್ರ ಏಳುವುದಿಲ್ಲ. ಆಗ ಮನೆಯ ಹುಡುಗ ಅದನ್ನು ಪಡಸಾಲೆಗೆ ತಂದು, ಬಿಚ್ಚಿ, ಬಟ್ಟಲಲ್ಲಿ ಪೆಟ್ರೋಲ್ ಸುರಿದು ತೊಳೆಯಲು ಕೂರುತ್ತಾನೆ. ಅನಾಹುತಕ್ಕೆ ಬೇಕಾದ ತಯಾರಿ ಹೀಗೆಯೇ ಆಗುವುದು. ರಿಪೇರಿಯಾದ ಮೇಲೆ ಒಳಗೇ ಚಾಲೂ ಮಾಡಿ ನೋಡುವವರೂ ಇದ್ದಾರೆ. ಇಂಜಿನ್ನಿನ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆನೋವು, ವಾಕರಿಕೆ, ಮಂಪರು ಬರುವ ಹೊತ್ತಿಗೆ ಎದ್ದು ಹೊರಗೆ ಹೋಗುವ ಶಕ್ತಿಯೂ ಉಳಿದಿರುವುದಿಲ್ಲ.

ಹೊಲದಲ್ಲಿ ನಡೆಸುವಾಗಿನ ಅಪಾಯ ಬೇರೆ. ಬ್ರಹ್ಮಗಿರಿ ಕಲ್ಲಿನ ಸೀಮೆ. ಅಶೋಕನ ಶಾಸನ ಕೊರೆದದ್ದು ಇಲ್ಲಿನ ಬಂಡೆಯ ಮೇಲೆ. 1947ರಲ್ಲಿ ಮಾರ್ಟಿಮರ್ ವೀಲರ್ ಉತ್ಖನನ ಮಾಡಿದಾಗ ಇಲ್ಲಿ ಸಿಕ್ಕಿದ್ದೂ ಕಲ್ಲುಚಪ್ಪಡಿಯ ಪ್ರಾಚೀನ ಸಮಾಧಿಗಳು. ಇಲ್ಲಿ ಹುಲ್ಲಿನ ಬುಡದಲ್ಲಿ ಹರಳು ಇಲ್ಲದ ಜಾಗವೇ ಕಡಿಮೆ. ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುವ ಬ್ಲೇಡಿಗೆ ಅಂಥ ಹರಳು ತಾಗಿದರೆ ಕವಣೆಯ ಕಲ್ಲಿನಂತೆ ಸಿಡಿಯುತ್ತದೆ. ಅದಕ್ಕೇ ಯಂತ್ರದ ಕೈಪಿಡಿಗಳು ಸುತ್ತ 15 ಮೀಟರಿನೊಳಗೆ ಯಾರೂ ಇರಬಾರದು ಎನ್ನುತ್ತವೆ. ಬುತ್ತಿ ಹೊತ್ತು ಹೋಗುವ ಹೆಂಗಸರು, ಹಿಂದೆ ಓಡುವ ಮಕ್ಕಳು ದೂರದಲ್ಲೇ ನಿಂತು ಕೈ ಬೀಸಬೇಕು. ಇಂಜಿನ್ ನಿಂತು ಬ್ಲೇಡ್ ನಿಂತ ಮೇಲೆಯೇ ಹತ್ತಿರ ಹೋಗಬೇಕು. ಅಮೆರಿಕದಲ್ಲಿ ತಳ್ಳುವ ಯಂತ್ರಗಳಿಗೆ, ಹಿಡಿ ಬಿಟ್ಟ 3 ಸೆಕೆಂಡಿನೊಳಗೆ ಬ್ಲೇಡ್ ನಿಲ್ಲಬೇಕೆಂಬ ನಿಯಮ 1982ರಲ್ಲೇ ಬಂತು. ನಮ್ಮ ಹೆಗಲ ಯಂತ್ರದಲ್ಲಿ ಗುಂಡಿ ಬಿಟ್ಟ ಮೇಲೂ ಬ್ಲೇಡ್ ಸ್ವಲ್ಪ ಹೊತ್ತು ತಿರುಗುತ್ತಿರುತ್ತದೆ.

ಮೊಣಕಾಲಿನವರೆಗಿನ ಬೂಟು, ಕಣ್ಣಿಗೆ ಗಟ್ಟಿ ಕನ್ನಡಕ, ಬ್ಲೇಡಿನ ಮೇಲಿನ ರಕ್ಷಾಕವಚ ಇಲ್ಲದೆ ಯಂತ್ರ ಎತ್ತಬಾರದು. ಕವಚ ಅಡ್ಡ ಬರುತ್ತದೆಂದು ಕಳಚಿ ಎಸೆದವರನ್ನು ಕಂಡಿದ್ದೇನೆ. ತಾವೇ ಯಂತ್ರ ನಡೆಸುವ ಸಹೋದರಿಯರು ದುಪಟ್ಟಾದ ಬದಲು ಬಿಗಿಯಾದ ಹತ್ತಿಯ ಸ್ಕಾರ್ಫ್ ಕಟ್ಟಿಕೊಳ್ಳಲಿ. ಇಳಿಬಿದ್ದ ಸೆರಗು, ನೈಲಾನ್ ಬಟ್ಟೆ ಬಿಸಿ ಸೈಲೆನ್ಸರಿನ ಬಳಿ ಸಲ್ಲದು. ಪೆಟ್ರೋಲ್ ಹಾಕುವುದಿದ್ದರೆ ಇಂಜಿನ್ ನಿಲ್ಲಿಸಿ, ತಣಿಯಲು ಬಿಟ್ಟು, ಹಾಕಿದ ಜಾಗದಿಂದ ಹತ್ತು ಹೆಜ್ಜೆ ಆಚೆ ಬಂದು ಚಾಲೂ ಮಾಡಬೇಕು. ಬಿಸಿ ಯಂತ್ರವನ್ನು ಒಣಹುಲ್ಲಿನ ಮೇಲೆ ಇಳಿಸುವುದು ಬೇಡ. ಬೇಸಿಗೆಯ ಕಾವಲುಗಳು ಹೊತ್ತಿಕೊಳ್ಳಲು ಅಷ್ಟು ಸಾಕು. ಬ್ಲೇಡಿಗೆ ಸುತ್ತಿದ ಹುಲ್ಲು ಬಿಡಿಸುವ ಮುನ್ನ ಸ್ಪಾರ್ಕ್ ಪ್ಲಗ್ಗಿನ ತಂತಿ ಕಳಚಬೇಕು.

ಇಷ್ಟಾದರೂ ಏನಾದರೂ ನಡೆದೀತು. ಮಗು ಪೆಟ್ರೋಲ್ ನುಂಗಿದರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವುದು ನಮ್ಮಲ್ಲಿ ರೂಢಿ. ಅದನ್ನು ಎಂದಿಗೂ ಮಾಡಬೇಡಿ. ವಾಂತಿಯೊಡನೆ ಪೆಟ್ರೋಲ್ ಶ್ವಾಸಕೋಶಕ್ಕೆ ಇಳಿದರೆ ಹೊಟ್ಟೆಯಲ್ಲಿದ್ದುದಕ್ಕಿಂತ ಹೆಚ್ಚು ಹಾನಿ. ಮಗು ಕೆಮ್ಮದಿದ್ದರೂ ಬಾಟಲಿಯ ಸಮೇತ ನೇರ ಆಸ್ಪತ್ರೆಗೆ ಒಯ್ಯಿರಿ. ಕಣ್ಣಿಗೆ ಹುಲ್ಲಿನ ಸಿಬಿರು, ಕಲ್ಲಿನ ಚೂರು ಹೊಡೆದರೆ ಉಜ್ಜಬಾರದು. ಎದೆಹಾಲು, ಹರಳೆಣ್ಣೆ, ಹಳೆಯ ಔಷಧದ ಹನಿ ಯಾವುದನ್ನೂ ಬಿಡಬಾರದು. ಹುಲ್ಲು ತಾಗಿದ ಕಣ್ಣಿಗೆ ಶಿಲೀಂಧ್ರದ ಸೋಂಕು ಹತ್ತಿ ದೃಷ್ಟಿಯೇ ಹೋಗುವುದುಂಟು. ಅಂದೇ ಕಣ್ಣಿನ ವೈದ್ಯರಿಗೆ ತೋರಿಸಬೇಕು. ಸುಟ್ಟ ಗಾಯಕ್ಕೆ 20 ನಿಮಿಷ ತಣ್ಣೀರು ಹರಿಸುವುದೇ ಮೊದಲ ಚಿಕಿತ್ಸೆ. ಟೂತ್‌ಪೇಸ್ಟ್, ಶಾಯಿ ಬೇಡ. ಆದರೆ ಉರಿಯುವ ಪೆಟ್ರೋಲ್ ಮೇಲೆ ನೀರು ಎರಚಬಾರದು, ಬೆಂಕಿ ನೀರಿನ ಮೇಲೆ ತೇಲಿ ಹರಡುತ್ತದೆ. ಯಂತ್ರದ ಗೂಡಿನ ಬಳಿ ಒಂದು ಬಕೆಟ್ ಒಣ ಮರಳು ಇಟ್ಟಿರಿ.

ಟ್ಯಾಂಕಿನಿಂದ ತೆಗೆದ ಪೆಟ್ರೋಲ್ ಏನು ಮಾಡಬೇಕೆಂಬ ಪ್ರಶ್ನೆ ಉಳಿಯುತ್ತದೆ. ಆಯಿಲ್ ಬೆರೆಸದ, ಹೊಸದಾದ ಪೆಟ್ರೋಲ್ ಆದರೆ ಬೈಕಿನ ಟ್ಯಾಂಕಿಗೆ ಸುರಿಯಬಹುದು. ಆಯಿಲ್ ಬೆರೆಸಿದ್ದಾದರೆ, ಕೆಡುವ ಮೊದಲೇ ಅಂಥದೇ ಯಂತ್ರವಿರುವ ನೆರೆಯ ರೈತರಿಗೆ ಕೊಟ್ಟುಬಿಡಿ. ಚರಂಡಿಗೆ ಸುರಿಯುವುದು ಬೇಡ, ಅದರ ಇನ್ನೊಂದು ತುದಿಯಲ್ಲಿ ಯಾರೋ ಬೀಡಿ ಹಚ್ಚುತ್ತಿರುತ್ತಾರೆ.