ಬೆಳ್ಳಗಾಗುವ ಕ್ರೀಮಿಗೆ ಹೊಸ ನಾಮಕರಣ!

ಬಸ್ ಸ್ಟ್ಯಾಂಡ್ ಪಕ್ಕದ ಯಾವ ಅಂಗಡಿಯನ್ನಾದರೂ ನೋಡಿ. ಶಾಂಪೂ, ಕಾಫಿಪುಡಿ ಪಾಕೀಟುಗಳ ಮಾಲೆಯ ನಡುವೆ ಮುಖಕ್ಕೆ ಹಚ್ಚುವ ಕ್ರೀಮೂ ತೂಗುತ್ತಿರುತ್ತದೆ. ಮೇಲೆ ಬರೆದಿರುವುದು ‘ಗ್ಲೋ ಅಂಡ್ ಲವ್ಲಿ’. ಗಿರಾಕಿ ಕೇಳುವುದು ಮಾತ್ರ, ‘ಅಣ್ಣಾ, ಒಂದು ಫೇರ್ ಅಂಡ್ ಲವ್ಲಿ ಕೊಡಿ!’ ಅಂಗಡಿಯಣ್ಣ ತುಟಿ ಪಿಟಕ್ಕೆನ್ನದೆ ಹರಿದು ಕೊಡುತ್ತಾನೆ. ವ್ಯಾಪಾರ ಮುಗಿಯಿತು.

1975ರಿಂದ ‘ಫೇರ್’ ಆಗಿದ್ದದ್ದು ‘ಗ್ಲೋ’ ಆದದ್ದು 2020ರಲ್ಲಿ. ಅಮೆರಿಕದಲ್ಲಿ ಜಾರ್ಜ್ ಫ್ಲಾಯ್ಡ್ ಎಂಬ ಕಪ್ಪು ಮನುಷ್ಯನ ಕತ್ತಿನ ಮೇಲೆ ಪೊಲೀಸನೊಬ್ಬ ಮೊಣಕಾಲೂರಿ ಕೊಂದ. ಲೋಕವೆಲ್ಲ ಗಲಾಟೆ ಎದ್ದಿತು. ಆ ಕಾವು ತಟ್ಟಿದ ಮೇಲೆಯೇ ಇಲ್ಲಿಯ ಕಂಪನಿಗೆ ಹೆಸರು ಚುಚ್ಚತೊಡಗಿದ್ದು. ಇಲ್ಲಿಯ ಹೆಣ್ಣುಮಕ್ಕಳು ಅದಕ್ಕೂ ಮುಂಚೆ ಎಷ್ಟೋ ವರ್ಷ ಕೂಗಿದ್ದರು, ಅದು ಬೇರೆ ಮಾತು.

ಟೀವಿಯ ಕಥೆಯಾದರೂ ಎಂಥದು? ಹುಡುಗಿ ಕಪ್ಪು. ವರ ಒಪ್ಪಲ್ಲ, ಕೆಲಸ ಸಿಗಲ್ಲ, ಮುಖ ಬಾಡಿದೆ. ಕ್ರೀಮ್ ಹಚ್ಚಿದಳು. ಕೆಲವೇ ವಾರದಲ್ಲಿ ಹಾಲಿನ ಬಣ್ಣ! ಪಕ್ಕದಲ್ಲಿ ಪೇಂಟ್ ಅಂಗಡಿಯ ಕಾರ್ಡಿನಂಥ ಬಣ್ಣದ ಪಟ್ಟಿ ಬೇರೆ. ಒಂದು ಜಾಹೀರಾತಿನಲ್ಲಂತೂ ಮಗನಿಲ್ಲವೆಂದು ಅಪ್ಪ ಕೊರಗುತ್ತಾನೆ; ಮಗಳು ಬೆಳ್ಳಗಾಗಿ ಗಗನಸಖಿಯಾಗಿ ಅಪ್ಪನನ್ನು ದೊಡ್ಡ ಹೋಟೆಲಿಗೆ ಕರೆದೊಯ್ಯುತ್ತಾಳೆ. ಜನವಾದಿ ಮಹಿಳಾ ಸಂಘಟನೆಯವರು ಮಾನವ ಹಕ್ಕುಗಳ ಆಯೋಗದ ತನಕ ಹೋದರು. 2003ರಲ್ಲಿ ಅದು ತೆರೆಯಿಂದ ಇಳಿಯಿತು. ಎರಡೇ ವರ್ಷದಲ್ಲಿ ಇನ್ನೊಂದು ಕಂಪನಿ ಗಂಡಸರಿಗೂ ಬೆಳ್ಳಗಾಗುವ ಕ್ರೀಮ್ ತಂದಿತು!

ಟೀವಿಯೊಂದನ್ನೇ ಬೈದರೆ ಅನ್ಯಾಯವಾದೀತು. ವಧು-ವರರ ಅಂಕಣದಲ್ಲಿ ‘ಬೆಳ್ಳಗಿರುವ ಕನ್ಯೆ ಬೇಕು’ ಅಂತ ಕಾಸು ಕೊಟ್ಟು ಹಾಕಿಸುವವರು ಊರ ಜನರೇ ತಾನೇ? ಆದರೆ ಅಜ್ಜಿಯಂದಿರ ಬಾಯಲ್ಲಿ ಬಣ್ಣಕ್ಕೆ ಬರವಿರಲಿಲ್ಲ. ಎಣ್ಣೆಗೆಂಪು, ಗೋಧಿಬಣ್ಣ, ನಸುಗಪ್ಪು... ‘ಕಪ್ಪಾದರೂ ಲಕ್ಷಣವಾಗಿದ್ದಾಳೆ’ ಅನ್ನೋರು. (ಆ ‘ಆದರೂ’ದಲ್ಲೇ ಒಂದು ಮುಳ್ಳಿತ್ತು ಅನ್ನಿ.) ಜಾಹೀರಾತು ಬಂದು ಇದ್ದಬದ್ದ ಬಣ್ಣವನ್ನೆಲ್ಲ ಎರಡೇ ಮಾಡಿಟ್ಟಿತು: ಹಚ್ಚುವ ಮುಂಚೆ, ಹಚ್ಚಿದ ಮೇಲೆ.

ಹಚ್ಚಿಯೂ ಬೆಳ್ಳಗಾಗದಿದ್ದಾಗ? ಕನ್ನಡಿ ನೋಡಿ ನೋಡಿ ಸಾಕಾದ ಹುಡುಗಿ ಮೆಡಿಕಲ್ ಶಾಪಿನ ಮೆಟ್ಟಿಲು ಹತ್ತುತ್ತಾಳೆ. ನಿಜವಾದ ಗಂಡಾಂತರ ಶುರುವಾಗುವುದೇ ಅಲ್ಲಿ. ಇಸುಬಿಗೆ ಅಂತ ಇರುವ ಸ್ಟೆರಾಯ್ಡ್ ಮುಲಾಮನ್ನು ‘ಒಳ್ಳೇ ರಿಸಲ್ಟ್ ಕಣಮ್ಮಾ’ ಅಂತ ಕೊಡುವವರಿದ್ದಾರೆ. ರಿಸಲ್ಟೇನೋ ನಿಜ, ಮೊದಮೊದಲು ಮುಖ ತಿಳಿಯಾಗುತ್ತದೆ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗಿ ರಕ್ತನಾಳಗಳ ಕೆಂಪು ಗೆರೆ ಕಾಣಿಸುತ್ತದೆ. ಮೊಡವೆ ಏಳುತ್ತದೆ, ಕೆನ್ನೆಯ ಮೇಲೆ ಕೂದಲು ಬರುತ್ತದೆ, ಬಿಸಿಲಿಗೆ ಹೋದರೆ ಉರಿ. ನಿಲ್ಲಿಸಿದರೆ ಇನ್ನೂ ಜಾಸ್ತಿ. ಆದ್ದರಿಂದ ಮತ್ತೆ ಅದೇ ಟ್ಯೂಬು! ಇಂಥ ಹಲವು ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಕೂಡದೆಂದು ಕೇಂದ್ರ ಸರ್ಕಾರ 2018ರಲ್ಲೇ ಹೇಳಿದೆ. ಚೀಟಿ ಕೇಳುವ ಕೌಂಟರ್ ಎಷ್ಟಿವೆಯೋ ಗಿರಾಕಿಗಳೇ ಬಲ್ಲರು.

ತಯಾರಕರ ಹೆಸರು, ವಿಳಾಸ ಇಲ್ಲದ ಡಬ್ಬಿಗಳ ವಿಷಯ ಇನ್ನೂ ಕೆಟ್ಟದ್ದು. ಅಂಥವುಗಳಲ್ಲಿ ಪಾದರಸ ಬೆರೆತಿದ್ದರೆ ಅದು ಚರ್ಮದ ಮೂಲಕ ಒಳಗಿಳಿದು ಕಿಡ್ನಿಗೇ ಕೈ ಹಾಕುತ್ತದೆ. ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ 2023ರಲ್ಲಿ ವೈದ್ಯರು ಕಿಡ್ನಿ ಕಾಯಿಲೆಯ ಮೂಲ ಹುಡುಕುತ್ತಾ ಹೋಗಿ ತಲುಪಿದ್ದು ಇಂಥ ಕ್ರೀಮಿಗೇ. ಹೆಚ್ಚು ಕಮಿಷನ್ ಆಸೆ ತೋರಿಸಿ ಬಿಲ್ಲಿಲ್ಲದ ಡಬ್ಬಿ ಇಟ್ಟು ಹೋಗುವ ಏಜೆಂಟನನ್ನು ಅಂಗಡಿಯವರು ಬಾಗಿಲಲ್ಲೇ ವಾಪಸ್ ಕಳಿಸುವುದು ಕ್ಷೇಮ.

ಸ್ಟೆರಾಯ್ಡ್ ಮುಲಾಮನ್ನು ಈಗಾಗಲೇ ಹಚ್ಚುತ್ತಿರುವವರು ಹೆದರಿ ತಟ್ಟನೆ ಬಿಟ್ಟು ಮನೆಯಲ್ಲಿ ಕೂರಬಾರದು. ಆ ಟ್ಯೂಬನ್ನೇ ಹಿಡಿದುಕೊಂಡು ಹೋಗಿ ಜಿಲ್ಲಾ ಆಸ್ಪತ್ರೆಯ ಚರ್ಮರೋಗ ವೈದ್ಯರಿಗೆ ತೋರಿಸಿದರೆ, ಅದನ್ನು ಹೇಗೆ ಬಿಡಬೇಕೆಂದು ಅವರು ಹೇಳುತ್ತಾರೆ.