ಕಿರಣಚಿಕಿತ್ಸೆಯ ಮಂಚವೂ ರೋಗಿಯ ಚರ್ಮವೂ

ಹೊಸಪೇಟೆ, ಕಂಪ್ಲಿ, ಸಂಡೂರು ಪ್ರಾಂತದಿಂದ ಅರ್ಬುದರೋಗದ ಚಿಕಿತ್ಸೆಗಾಗಿ ದೂರದ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೆ ಹೋಗಿಬರುವವರುಂಟು. 1973ರಲ್ಲಿ ಸ್ಥಾಪಿತವಾಗಿ 1980ರಲ್ಲಿ ಸ್ವಾಯತ್ತತೆಯನ್ನು ಪಡೆದ ಸಂಸ್ಥೆಯದು. ಹೋಗಿಬಂದವರು ಕಿರಣ ಬೀರುವ ಯಂತ್ರದ ಗಾತ್ರವನ್ನು ಬಣ್ಣಿಸುವರೇ ಹೊರತು ತಾವು ಮಲಗಿದ್ದ ಮಂಚದ ಮಾತೆತ್ತುವುದಿಲ್ಲ. ಮಲಗಲೊಂದು ಹಲಗೆ, ಅದರಲ್ಲೇನು ವಿಶೇಷ? ಆದರೆ ಬೆನ್ನಿನ ಚರ್ಮ ಕೆಂಪೇರಿ, ಕಪ್ಪಾಗಿ, ಸುಲಿಯುವುದಕ್ಕೆ ಆ ಹಲಗೆಯೂ ಕಾರಣವಾಗಬಲ್ಲುದು.

1895ರಲ್ಲಿ ರಾಂಟ್‌ಜೆನ್ ಮಹಾಶಯನು ಕಂಡುಹಿಡಿದ ಕ್ಷ-ಕಿರಣಗಳನ್ನು ಚಿಕಿತ್ಸೆಗೆ ಬಳಸತೊಡಗಿದ ಕಾಲದಲ್ಲಿ ಒಳಗಿನ ಗಂಟಿಗಿಂತ ಮೊದಲು ಚರ್ಮವೇ ಬೇಯುತ್ತಿತ್ತು. 1951ರಲ್ಲಿ ಕೆನಡಾದಲ್ಲಿ ಕೋಬಾಲ್ಟ್ ಯಂತ್ರವು ಬಳಕೆಗೆ ಬಂದ ಮೇಲೆ ಈ ಸಂಕಟ ಬಹುಮಟ್ಟಿಗೆ ತಗ್ಗಿತು. ಪ್ರಬಲವಾದ ಕಿರಣವು ತನ್ನ ಶಕ್ತಿಯನ್ನು ಮೇಲ್ಮೈಯಲ್ಲೇ ಸುರಿಯುವುದಿಲ್ಲ. ಎಲೆಕ್ಟ್ರಾನುಗಳನ್ನು ಹೊರದೂಡುತ್ತದೆ, ಅವು ಮುಂದಕ್ಕೆ ಧಾವಿಸಿ ಒಳಗೆ ಶಕ್ತಿಯನ್ನು ಇಳಿಸುತ್ತವೆ. ಹಂಪಿಯ ಮಾತಂಗ ಪರ್ವತದ ನೆತ್ತಿಯಿಂದ ಒಂದು ಬಂಡೆ ಉರುಳಿತೆಂದು ಭಾವಿಸಿರಿ. ನೆತ್ತಿಯ ಬಳಿಯಿರುವ ಗುಡಿಸಲಿಗೆ ತಗುಲುವುದು ಅದೊಂದೇ. ಕೆಳಗಿಳಿದಂತೆ ಅದು ಹತ್ತಾರು ಕಲ್ಲುಗಳನ್ನು ಜೊತೆಗೂಡಿಸಿಕೊಂಡು ಉರುಳುವುದರಿಂದ ಹೆಚ್ಚಿನ ಪೆಟ್ಟು ಕೆಳಗಿನ ಗುಡಿಸಲಿಗೇ. ಕೋಬಾಲ್ಟ್ ಕಿರಣದ ಪೂರ್ಣಪ್ರಮಾಣವು ಚರ್ಮದಿಂದ ಅರ್ಧ ಸೆಂಟಿಮೀಟರು ಒಳಗೂ, 6 ಮಿಲಿಯನ್ ವೋಲ್ಟಿನ ವೇಗವರ್ಧಕದ ಕಿರಣದ್ದು ಸುಮಾರು ಒಂದೂವರೆ ಸೆಂಟಿಮೀಟರು ಒಳಗೂ ಮುಟ್ಟುತ್ತದೆ.

ಈಗ ಕಿರಣವು ಮಂಚದ ಕೆಳಗಿನಿಂದ ಬಂದಿತೆನ್ನೋಣ. ಅದು ಮೊದಲು ಹೊಗುವುದು ಹಲಗೆಯನ್ನು. ಕಲ್ಲುಗಳು ಜೊತೆಗೂಡುವ ಕಾರ್ಯವೆಲ್ಲ ಅಲ್ಲಿಯೇ ನಡೆದುಹೋಗಿ, ಚರ್ಮವು ನೆತ್ತಿಯ ಗುಡಿಸಲಾಗಿ ಉಳಿಯದೆ ಕೆಳಗಿನ ಗುಡಿಸಲಾಗುತ್ತದೆ. ಅಡೆತಡೆಯಿಲ್ಲದಿದ್ದರೆ ಪೂರ್ಣಪ್ರಮಾಣದ ಐದನೆಯ ಒಂದು ಪಾಲಿನ ಆಸುಪಾಸಿನಲ್ಲಿ ನಿಲ್ಲುವ ಚರ್ಮದ ಪಾಲು ಅರ್ಧವನ್ನೂ ಮೀರಿ, ಕೆಲವೊಮ್ಮೆ ಪೂರ್ಣದ ಸಮೀಪಕ್ಕೇ ಏರುವುದುಂಟು. ಕಿರಣವು ಓರೆಯಾಗಿ ಬಂದರೆ ಹಲಗೆಯೊಳಗಿನ ದಾರಿ ಇನ್ನಷ್ಟು ಉದ್ದ. ಸಾಲದೆಂಬಂತೆ ಹಲಗೆ ತಾನೂ ಕಿರಣವನ್ನು ಸ್ವಲ್ಪ ಹೀರುವುದರಿಂದ ಗಂಟಿಗೆ ಕೊರತೆ, ಚರ್ಮಕ್ಕೆ ಹೆಚ್ಚಳ: ಎರಡೂ ಕಡೆ ನಷ್ಟವೇ.

ಹಿಂದೆ ಟೆನಿಸ್ ಬ್ಯಾಟಿನಂತೆ ದಾರ ಹೆಣೆದ ಕಿಂಡಿಯನ್ನು ಮಂಚಕ್ಕೆ ಇಡುತ್ತಿದ್ದರು. ಅದು ಕಿರಣವನ್ನು ತಡೆಯುತ್ತಿರಲಿಲ್ಲ. ಆದರೆ ರೋಗಿಯ ಭಾರಕ್ಕೆ ಜಗ್ಗುತ್ತಿತ್ತು. ಈಗಿನ ಇಂಗಾಲದ ನಾರಿನ ಹಲಗೆ ಜಗ್ಗದು, ಹಗುರ, ಬಲಿಷ್ಠ. ಕಿರಣಕ್ಕೆ ಅದು ಇಲ್ಲದಂತೆಯೇ ಎಂದು ಬಹುಕಾಲ ನಂಬಿದ್ದರು. ಆ ನಂಬಿಕೆ ಸರಿಯಲ್ಲವೆಂದು ಅಳತೆಗಳು ತೋರಿಸಿದವು. 2008ರಲ್ಲಿ ನ್ಯೂಯಾರ್ಕಿನ ವೈದ್ಯರು ಶ್ವಾಸಕೋಶದ ಗಂಟಿಗೆ ಕೆಲವೇ ಸರದಿಗಳಲ್ಲಿ ತೀವ್ರ ಕಿರಣ ಪಡೆದ ರೋಗಿಗಳ ಬೆನ್ನಿನ ಗಾಯಗಳನ್ನು ಪರೀಕ್ಷಿಸಿ ವರದಿ ಮಾಡಿದರು. ಅಲ್ಲಿ ಮಂಚ, ದೇಹವನ್ನು ಹಿಡಿದಿಡುವ ಸಾಧನ ಇವೆರಡರ ಪಾತ್ರವೂ ಕಂಡುಬಂದಿತ್ತು. 2014ರಲ್ಲಿ ಅಮೆರಿಕೆಯ ವೈದ್ಯಕೀಯ ಭೌತಶಾಸ್ತ್ರಜ್ಞರ ಸಂಘವು ಇವುಗಳನ್ನು ಲೆಕ್ಕದಲ್ಲಿ ಸೇರಿಸಲೇಬೇಕೆಂಬ ಆಶಯದ ವರದಿಯನ್ನು ಹೊರತಂದಿತು.

ಮುಖ, ಕಂಠಗಳ ಚಿಕಿತ್ಸೆಯಲ್ಲಿ ಬಿಸಿನೀರಿನಲ್ಲಿ ಮೆತ್ತಗಾಗಿಸಿ ಅಚ್ಚೊತ್ತಿದ ಪ್ಲಾಸ್ಟಿಕ್ಕಿನ ಜಾಲರಿಯ ಮುಖವಾಡದ್ದೂ ಇದೇ ಕಥೆ. ಹಾಗೆಂದು ಇವನ್ನು ಬಿಡಲಾದೀತೆ? ದೇಹ ಅಲುಗಿದರೆ ಕಿರಣ ಗಂಟಿಗೆ ತಪ್ಪುತ್ತದೆ. ಆದುದರಿಂದ ಬಲ್ಲವರು ಮಂಚವನ್ನೂ ಗಣನೆಗೆ ತಂದು, ಕಿರಣದ ದಿಕ್ಕುಗಳನ್ನು ಹಂಚಿ, ಸಾಧ್ಯವಿದ್ದೆಡೆ ಮುಖವಾಡದ ಭಾಗವನ್ನು ಕತ್ತರಿಸಿ ತೆರೆದಿಡುವರು. ಆಸ್ಪತ್ರೆಗೆ ಯಂತ್ರ ಕೊಡಿಸುವ ದಾನಿಗಳೂ ಮಂಚವನ್ನು ಯಂತ್ರದ ಅಂಗವೆಂದೇ ಎಣಿಸುವುದು ಲೇಸು.

ರೋಗಿಯ ಮನೆಯವರು ಮಮತೆಯಿಂದ ಬೆನ್ನಡಿಗೆ ಮಡಿಸಿದ ಕಂಬಳಿಯನ್ನು ಹಾಸಬಯಸುವುದುಂಟು. ಅದೂ ಕಿರಣದ ದಾರಿಯಲ್ಲಿ ಹಲಗೆಗೆ ಸೇರಿದ ಇನ್ನೊಂದು ಪದರವೇ. ತಂತ್ರಜ್ಞನು ಅದನ್ನು ತೆಗೆಯಿರೆಂದರೆ ಅದು ನಿಷ್ಕರುಣೆಯಲ್ಲ. ರೋಗಿಯ ಬೆನ್ನಿನ ಚರ್ಮದ ಮೇಲಿನ ಕಾಳಜಿ.